ನೂರಕ್ಕೆ ನೂರು, ಸರಿ. ಎಷ್ಟು ಜನರಲ್ಲಿ?

ಹೈಸ್ಕೂಲಿಗೆ ಸೇರಿಸುವ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಲ ಹೇಳಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: ಯಾವ ಸ್ಕೂಲು ಒಳ್ಳೇದು? ನಿಮ್ಮೂರಿನ ಸ್ಕೂಲು ನನಗೆ ಹೇಗೆ ಗೊತ್ತಿರಬೇಕು ಹೇಳಿ. ಆದರೆ 'ನಾವೇ ಒಳ್ಳೆಯವರು' ಅಂತ ಹೇಳಿಕೊಳ್ಳುವವರು ತೋರಿಸುವ ಲೆಕ್ಕ ಇದೆಯಲ್ಲ, ಅದು ಎಲ್ಲಿ ಹುಟ್ಟುತ್ತದೆ, ಹೇಗೆ ದಪ್ಪ ಆಗುತ್ತದೆ ಅಂತ ಗೊತ್ತು. ಸರಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾ 26 ವರ್ಷ ಆ ಲೆಕ್ಕದ ಒಳಗೇ ಇದ್ದವಳು ನಾನು.

ಮೇಡಂ, ಮಗಳು ಏಳನೇ ಕ್ಲಾಸು ಮುಗಿಸುತ್ತಿದ್ದಾಳೆ. ಮನೆ ಹತ್ತಿರ ಎರಡು ಹೈಸ್ಕೂಲಿವೆ. ಒಂದರ ಗೇಟಿಗೆ 'ಸತತ ಐದನೇ ವರ್ಷ ಶೇ. 100 ಫಲಿತಾಂಶ' ಅಂತ ದೊಡ್ಡ ಫ್ಲೆಕ್ಸ್ ಕಟ್ಟಿದ್ದಾರೆ. ಇನ್ನೊಂದು ಅನುದಾನಿತ ಶಾಲೆ, ಹೋದ ವರ್ಷ 86 ಬಂದಿದೆ. ನಮ್ಮ ಯಜಮಾನರು ನೂರರ ಶಾಲೆಗೇ ಹಾಕೋಣ ಅಂತಾರೆ. ಫೀಸು ಮೂರು ಪಟ್ಟು. ಏನು ಮಾಡಲಿ?
*ಒಬ್ಬ ತಾಯಿ, ದಾವಣಗೆರೆ*

ಆ ಫ್ಲೆಕ್ಸ್ ಕಟ್ಟಿದವರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ ತಾಯಿ. ನೂರಕ್ಕೆ ನೂರು, ಸರಿ, ಎಷ್ಟು ಜನರಲ್ಲಿ?

ಫಲಿತಾಂಶದ ಲೆಕ್ಕ ತುಂಬಾ ಸುಲಭ. ಪಾಸಾದವರ ಸಂಖ್ಯೆಯನ್ನು ಪರೀಕ್ಷೆ ಬರೆದವರ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸುವುದು. ಬರೆದವರು, ನೆನಪಿರಲಿ. ಸೇರಿದವರಲ್ಲ. ಭಿನ್ನರಾಶಿ ದೊಡ್ಡದಾಗಬೇಕಾದರೆ ಎರಡು ದಾರಿ ಅಂತ ನಿಮ್ಮ ಮಗಳಿಗೂ ಗೊತ್ತಿರುತ್ತದೆ. ಅಂಶ ಹೆಚ್ಚಬೇಕು, ಇಲ್ಲ ಛೇದ ಇಳಿಯಬೇಕು. ಅಂಶ ಹೆಚ್ಚಿಸುವುದಕ್ಕೆ ಮೂರು ವರ್ಷ ಪಾಠ ಮಾಡಬೇಕು. ಛೇದ ಇಳಿಸುವುದಕ್ಕೆ ಒಂಬತ್ತನೇ ಕ್ಲಾಸಿನ ಕೊನೆಯಲ್ಲಿ ಒಂದು ವಾರ ಸಾಕು.

ಒಂದು ಲೆಕ್ಕ ಮಾಡೋಣ. ಎರಡೂ ಶಾಲೆಗೆ ಎಂಟನೇ ತರಗತಿಗೆ 60 ಮಕ್ಕಳು ಸೇರಿದರು ಅಂದುಕೊಳ್ಳಿ. ಮೊದಲನೇ ಶಾಲೆಯಲ್ಲಿ ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಉಳಿದವರು 42, ಅಷ್ಟೂ ಜನ ಪಾಸು. ಫ್ಲೆಕ್ಸಿನಲ್ಲಿ 100. ಎರಡನೇ ಶಾಲೆಯಲ್ಲಿ ಅಪ್ಪನ ವರ್ಗಾವಣೆ, ಊರು ಬಿಟ್ಟಿದ್ದು ಅಂತ ಮೂರು ಮಕ್ಕಳು ಹೋದರು, 57 ಜನ ಬರೆದರು, 49 ಪಾಸು. ಅದು 86. ಈಗ ಸೇರಿದ ಅರವತ್ತರ ಮೇಲೆ ಲೆಕ್ಕ ಹಾಕಿ. ನೂರರ ಶಾಲೆ 70ಕ್ಕೆ ಇಳಿಯಿತು, 86ರ ಶಾಲೆ 82ರ ಹತ್ತಿರ ನಿಂತಿತು. ಯಾವುದು ಒಳ್ಳೇದು ಈಗ?

ಸುಮ್ನೆ ಕಲ್ಪನೆ ಅನ್ನಬೇಡಿ. ನಮ್ಮ ಅಕ್ಕನ ಮಗ ಓದಿದ್ದು ಇಂಥದ್ದೇ ಒಂದು ಶಾಲೆಯಲ್ಲಿ. ಅವರ ಮನೆಯ ಷೋಕೇಸಿನಲ್ಲಿ ಎರಡು ಗ್ರೂಪ್ ಫೋಟೋ ಪಕ್ಕಪಕ್ಕದಲ್ಲಿವೆ. ಎಂಟನೇ ಕ್ಲಾಸಿನದ್ದರಲ್ಲಿ ನಾಲ್ಕು ಸಾಲು, ಹಿಂದಿನವರು ಬೆಂಚಿನ ಮೇಲೆ ನಿಂತಿದ್ದಾರೆ, ತುದಿಯಲ್ಲಿರುವ ಹುಡುಗನ ಅರ್ಧ ಮುಖ ಚೌಕಟ್ಟಿನಿಂದ ಆಚೆ ಹೋಗಿದೆ. ಹತ್ತನೇ ಕ್ಲಾಸಿನದ್ದರಲ್ಲಿ ಎರಡೂವರೆ ಸಾಲು. ಬೆಂಚೇ ಬೇಕಾಗಿಲ್ಲ. ಒಂದು ದಿನ ಸುಮ್ನೆ ಬೆರಳಿಟ್ಟು ಕೇಳಿದೆ, ಇವರೆಲ್ಲ ಎಲ್ಲಿ ಹೋದರೋ? 'ಇವನು ಟಿಸಿ ತಗೊಂಡ, ಇವಳನ್ನ ಅಜ್ಜಿ ಊರಿಗೆ ಹಾಕಿದ್ರು, ಇವನು ಪ್ರೈವೇಟಾಗಿ ಕಟ್ಟಿದ, ಇವನು... ಗೊತ್ತಿಲ್ಲ ಚಿಕ್ಕಮ್ಮ' ಅಂದ. ಆ ವರ್ಷ ಆ ಶಾಲೆಯ ಫಲಿತಾಂಶ ಎಷ್ಟು ಅಂತ ನಾನು ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಹಾಗಾಗಿ ಆಫೀಸಿನಲ್ಲಿ ಹೀಗೆ ಕೇಳಿ: 'ಈ ಸಲ ಹತ್ತನೇ ಕ್ಲಾಸಿನಲ್ಲಿ ಬರೆದವರು ಎಷ್ಟು ಜನ? ಅದೇ ಬ್ಯಾಚು ಎಂಟಕ್ಕೆ ಸೇರಿದಾಗ ಎಷ್ಟಿದ್ದರು?' ಮೂರು ವರ್ಷದ್ದು ಕೇಳಿ, ಒಂದು ವರ್ಷದ್ದು ಬೇಡ. ತಡವರಿಸಿದರೆ ಅದೂ ಒಂದು ಉತ್ತರವೇ.

ಇನ್ನೊಂದು. ಪಾಸು ಅಂದರೆ ಎಂಥ ಪಾಸು? ಎಸ್ಸೆಸ್ಸೆಲ್ಸಿ ಒಟ್ಟು 625 ಅಂಕಕ್ಕೆ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ನೂರು ನೂರು. 563 ಮುಟ್ಟಿದರೆ ಎ ಪ್ಲಸ್. 312ರ ಒಳಗೆ ಬಂದು ಪಾಸಾದರೆ ಸಿ, ಅಂದರೆ ದಡ ಮುಟ್ಟಿದ ಪಾಸು. ನೂರಕ್ಕೆ ನೂರು ತೆಗೆದ ಶಾಲೆಯಲ್ಲಿ ಅರ್ಧಕ್ಕರ್ಧ ಸಿ ಇರಬಹುದು, 86ರ ಶಾಲೆಯಲ್ಲಿ ಹದಿನೈದು ಎ ಪ್ಲಸ್ ಇರಬಹುದು. ಗೇಟಿನ ಫ್ಲೆಕ್ಸ್ ನೋಡಿದರೆ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿ ಮೊದಲ ಆರು ಜನರ ಫೋಟೋ ಮಾತ್ರ ಇರುತ್ತದೆ. ಗ್ರೇಡುವಾರು ಎಷ್ಟೆಷ್ಟು ಜನ ಅನ್ನುವ ಹಾಳೆ ಪ್ರತಿ ಶಾಲೆಯಲ್ಲೂ ಇರುತ್ತದೆ, ಅದನ್ನು ಕೇಳಿ ನೋಡಿ.

ಅಂದಹಾಗೆ, 2025-26ನೇ ಸಾಲಿನಿಂದ ಪಾಸಿನ ಗೆರೆಯೇ ಶೇ. 35ರಿಂದ 33ಕ್ಕೆ ಇಳಿದಿದೆ. ಒಟ್ಟು 206 ಬಂದು ಪ್ರತಿ ವಿಷಯದಲ್ಲೂ 30 ಇದ್ದರೆ ಸಾಕು. ಇನ್ನು ಮುಂದೆ 'ಹಿಂದೆಂದಿಗಿಂತಲೂ ಉತ್ತಮ ಫಲಿತಾಂಶ' ಅಂತ ಫ್ಲೆಕ್ಸ್ ಬಿದ್ದರೆ ಇದನ್ನು ಒಂಚೂರು ನೆನಪಿಟ್ಟುಕೊಳ್ಳಿ.

ತೀರಾ ಚಿಕ್ಕ ಶಾಲೆಯಾದರೆ ಶೇಕಡಾ ಲೆಕ್ಕವನ್ನೇ ಬಿಟ್ಟುಬಿಡಿ. ಹನ್ನೆರಡು ಮಕ್ಕಳಿರುವ ಕಡೆ ಪರೀಕ್ಷೆ ದಿನ ಒಬ್ಬನಿಗೆ ಜ್ವರ ಬಂದು ಫೇಲಾದರೆ ನೂರು ಇದ್ದದ್ದು 92ಕ್ಕೆ ಬೀಳುತ್ತದೆ. ಮೇಷ್ಟ್ರು ಅದೇ ಮೇಷ್ಟ್ರು.

ಇಷ್ಟೆಲ್ಲಾ ಕೇಳಿದ ಮೇಲೂ ನೂರರ ಶಾಲೆಯೇ ಮುಂದಿದ್ದರೆ ಖಂಡಿತ ಅಲ್ಲಿಗೇ ಹಾಕಿ, ನಿಜವಾಗಿಯೂ ಚೆನ್ನಾಗಿ ಪಾಠ ಮಾಡಿ ನೂರು ತೆಗೆಯುವ ಶಾಲೆಗಳೂ ಇವೆ. ನನಗನ್ನಿಸುವುದು, ಮೂರು ಪಟ್ಟು ಫೀಸು ಕೊಡುವ ಮೊದಲು ಅರ್ಧ ಗಂಟೆ ಆಫೀಸಿನ ಬೆಂಚಿನ ಮೇಲೆ ಕೂತರೆ ನಷ್ಟವೇನಿಲ್ಲ.

ಮಗ ಒಂಬತ್ತನೇ ಕ್ಲಾಸು. ಅರ್ಧವಾರ್ಷಿಕದಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ಕಡಿಮೆ ಬಂತು. ಶಾಲೆಯವರು ಕರೆದು 'ಹತ್ತಕ್ಕೆ ಬಂದರೆ ಇವನಿಗೆ ಕಷ್ಟ, ಈಗಲೇ ಟಿಸಿ ತಗೊಂಡು ಬೇರೆ ಕಡೆ ಹಾಕಿ, ಇಲ್ಲ ಪ್ರೈವೇಟಾಗಿ ಕಟ್ಟಿಸಿ' ಅಂತಿದ್ದಾರೆ. ಈ ವರ್ಷದ ಫೀಸು ಪೂರ್ತಿ ಕಟ್ಟಿದ್ದೀನಿ. ನಾನು ಓದಿದವನಲ್ಲ, ಏನು ಮಾತಾಡಬೇಕು ಗೊತ್ತಾಗ್ತಿಲ್ಲ.
*ಆಟೋ ಓಡಿಸುವ ಅಪ್ಪ, ಮಂಡ್ಯ*

ಮೊದಲನೇದು, ಯಾವ ಕಾಗದಕ್ಕೂ ಸಹಿ ಹಾಕಬೇಡಿ ಅಣ್ಣ. ಟಿಸಿ ಬೇಕು ಅಂತ ನೀವು ಬರೆದುಕೊಟ್ಟರೆ 'ಪೋಷಕರೇ ಕೇಳಿದರು' ಅಂತ ಆಗುತ್ತದೆ, ಆಮೇಲೆ ಮಾತಿಗೆ ಜಾಗ ಇರುವುದಿಲ್ಲ. ಮತ್ತೆ ಕರೆದರೆ ನೀವು ಹೇಳಬೇಕಾದ ಮಾತು ಇಷ್ಟೇ: 'ಸರ್, ನೀವು ಹೇಳಿದ್ದನ್ನ ಲೆಟರ್‌ಹೆಡ್ಡಿನಲ್ಲಿ ಬರೆದು ಸೀಲು ಹಾಕಿ ಕೊಡಿ.' ಬರೆದುಕೊಡುವುದಿಲ್ಲ. ಬರೆದುಕೊಡುವಂಥ ಮಾತಾಗಿದ್ದರೆ ನಿಮ್ಮನ್ನು ಒಬ್ಬರನ್ನೇ ಕರೆದು ಹೇಳುತ್ತಿರಲಿಲ್ಲ. ಆಗಲೂ ಬಿಡದಿದ್ದರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಅರ್ಜಿ ಕೊಟ್ಟು, ಸ್ವೀಕೃತಿ ಅಂತ ಮುದ್ರೆ ಒತ್ತಿಸಿಕೊಂಡು ಬನ್ನಿ. ಮಗನ ಸ್ಯಾಟ್ಸ್ ಸಂಖ್ಯೆಯನ್ನೂ, ಅಂದರೆ ಇಲಾಖೆಯ ದಾಖಲೆಯಲ್ಲಿ ಅವನಿಗಿರುವ ನಂಬರನ್ನೂ ಅದರಲ್ಲಿ ಬರೆಯಿರಿ.

ಯಾಕೆ ಒಂಬತ್ತರಲ್ಲೇ ಇದು ನಡೆಯುತ್ತದೆ ಗೊತ್ತಾ? ಎಂಟರವರೆಗೆ ಶಿಕ್ಷಣ ಹಕ್ಕು ಕಾಯ್ದೆ ಇದೆ, ಮಗುವನ್ನು ಹೊರಹಾಕುವ ಹಾಗಿಲ್ಲ. ಹತ್ತಕ್ಕೆ ಬಂದು ಪರೀಕ್ಷೆಗೆ ಹೆಸರು ಹೋದರೆ ಅವನು ಛೇದದಲ್ಲಿ ಕೂತುಬಿಡುತ್ತಾನೆ. ಮಧ್ಯೆ ಉಳಿಯುವ ಒಂದೇ ಕಿಟಕಿ ಒಂಬತ್ತು. ಜರಡಿ ಹಿಡಿಯುವುದು ಅಲ್ಲಿಯೇ.

ಖಾಸಗಿಯವರು ಮಾತ್ರ ಹೀಗೆ ಅಂತ ಹೇಳಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಸರಕಾರಿ ಶಾಲೆಯಲ್ಲಿ ಟಿಸಿ ಕೊಟ್ಟು ಕಳಿಸುವುದಕ್ಕೆ ಆಗುವುದಿಲ್ಲ, ಆದರೆ ನಮಗೂ ಒಂದು ಜರಡಿ ಇತ್ತು: ಹಾಜರಿ. ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಒಂದು ವರ್ಷ ಡಿಸೆಂಬರಿನಲ್ಲಿ ಸ್ಟಾಫ್ ರೂಮಿನ ಮೇಜಿನ ಮೇಲೆ ಹತ್ತನೇ ಕ್ಲಾಸಿನ ಹೆಸರಿನ ಪಟ್ಟಿ ಹರಡಿಕೊಂಡು ಕೂತಿದ್ದೆವು, ಟೀ ತಣ್ಣಗಾಗಿತ್ತು, ಹಿಂದಿನ ವಾರವಷ್ಟೇ ಎಲ್ಲರೂ ಮೀಟಿಂಗಿನಲ್ಲಿ ಬೈಸಿಕೊಂಡು ಬಂದಿದ್ದೆವು. ಪೆನ್ಸಿಲಿನಲ್ಲಿ ಏಳು ಹೆಸರಿನ ಮುಂದೆ ಚುಕ್ಕಿ ಬಿತ್ತು. ಅದರಲ್ಲೊಬ್ಬ ಇಟ್ಟಿಗೆ ಗೂಡಿಗೆ ಹೋಗಿ ಬರುತ್ತಿದ್ದ ಹುಡುಗ, ವಾರಕ್ಕೆ ನಾಲ್ಕೈದು ದಿನ ಬರುತ್ತಿದ್ದ, ಬಂದ ದಿನ ಕೈಬೆರಳಿಗೆ ಕೆಮ್ಮಣ್ಣು ಅಂಟಿರುತ್ತಿತ್ತು, ನೋಟ್ ಬುಕ್ಕಿನ ಅಂಚೆಲ್ಲ ಕೆಂಪು. ಬಾಯಿಲೆಕ್ಕದಲ್ಲಿ ಚುರುಕು. ಅವನ ಹಾಜರಿ 71 ಇತ್ತು. ವೈದ್ಯರ ಚೀಟಿ ತರಿಸಿ ವಿನಾಯಿತಿಗೆ ಬರೆಯಬಹುದಿತ್ತು, ಬೇರೆಯವರಿಗೆ ಬರೆದಿದ್ದೆವು ಕೂಡ. ಅವನಿಗೆ ಬರೆಯಲಿಲ್ಲ. ರಿಜಿಸ್ಟರು ತಂದುಕೊಟ್ಟವಳು ನಾನೇ. ಆ ವರ್ಷ ನಮ್ಮ ಶಾಲೆ ತಾಲ್ಲೂಕಿಗೆ ಎರಡನೇದು ಬಂತು, ಸಿಹಿ ಹಂಚಿದೆವು.

ನಿಮಗೆ ಧೈರ್ಯ ಕೊಡುವ ವಿಷಯ ಒಂದಿದೆ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಪರೀಕ್ಷೆ-1, ಪರೀಕ್ಷೆ-2 ಹೀಗೆ. ಮೊದಲನೇದರಲ್ಲಿ ಒಂದು ವಿಷಯ ಹೋದರೆ ಕೆಲವೇ ವಾರದಲ್ಲಿ ಮತ್ತೆ ಕೂರಬಹುದು, ಜಾಸ್ತಿ ಬಂದ ಅಂಕವೇ ಉಳಿಯುತ್ತದೆ. ಅಂದರೆ ನಿಮ್ಮ ಮಗನಿಗೆ ಇರುವುದು ಒಂದೇ ಅವಕಾಶ ಅಲ್ಲ. ಆದರೆ ಪೇಪರಿನಲ್ಲಿ ಬರುವ ಜಿಲ್ಲಾವಾರು ಪಟ್ಟಿ, ಗೇಟಿನ ಫ್ಲೆಕ್ಸ್, ಎಲ್ಲವೂ ಪರೀಕ್ಷೆ-1ರದ್ದು. ಶಾಲೆಯವರ ಹೆದರಿಕೆ ಅದಕ್ಕೆ. ಅದು ಅವರ ಹೆದರಿಕೆ, ನಿಮ್ಮ ಮಗನದ್ದಲ್ಲ.

ನಾನು ಯಾದಗಿರಿ ಕಡೆಯ ಸರಕಾರಿ ಪ್ರೌಢಶಾಲೆಯ ಶಿಕ್ಷಕ. ರಿಸಲ್ಟ್ ಬಂದ ದಿನ ನಮ್ಮ ಭಾಗದವರು ತಲೆ ತಗ್ಗಿಸಿ ಕೂರುವುದೇ ಆಯ್ತು. ಕರಾವಳಿಯವರನ್ನು ನೋಡಿ ಕಲೀರಿ ಅಂತಾರೆ. ನಾವೇನು ಪಾಠ ಮಾಡಲ್ವಾ?
*ಒಬ್ಬ ಮೇಷ್ಟ್ರು*

ಮಾಡುತ್ತೀರಿ ಅಂತಲೇ ಅಂದುಕೊಂಡಿದ್ದೇನೆ ಸರ್. ಒಂದಿಬ್ಬರು ಮಾಡದವರೂ ಇರುತ್ತಾರೆ, ಅವರು ಉಡುಪಿಯಲ್ಲೂ ಇರುತ್ತಾರೆ.

ಪಟ್ಟಿ ಹೇಳುವುದು ಇದು: 2024ರಲ್ಲಿ ಉಡುಪಿ ಶೇ. 94, ಯಾದಗಿರಿ 50.59, ಕೊನೆ. 2025ರಲ್ಲಿ ದಕ್ಷಿಣ ಕನ್ನಡ 91.12 ತೆಗೆದು ಮೊದಲು, ಕಲಬುರಗಿ 42.43 ತೆಗೆದು ಕೊನೆ. ಈಗ ಇದರ ಪಕ್ಕ ಇನ್ನೊಂದು ಪಟ್ಟಿ ಇಡಿ. 2011ರ ಜನಗಣತಿಯಲ್ಲಿ ರಾಜ್ಯಕ್ಕೇ ಹೆಚ್ಚು ಸಾಕ್ಷರತೆ ಇದ್ದದ್ದು ದಕ್ಷಿಣ ಕನ್ನಡದಲ್ಲಿ, 88.57. ಎಲ್ಲಕ್ಕಿಂತ ಕಡಿಮೆ ಯಾದಗಿರಿಯಲ್ಲಿ, 51.83. ಇವತ್ತು ಹತ್ತನೇ ಕ್ಲಾಸು ಬರೆಯುವ ಹುಡುಗಿಯ ಅಮ್ಮ ಆ ಲೆಕ್ಕದೊಳಗೆ ಇದ್ದಾಳೆ. ಒಬ್ಬಳ ಮನೆಯಲ್ಲಿ ಹೋಂವರ್ಕ್ ನೋಡುವ ಅಮ್ಮ, ಇನ್ನೊಬ್ಬಳ ಮನೆಯಲ್ಲಿ ಸಹಿ ಹಾಕಲು ಹೆಬ್ಬೆಟ್ಟು ಒತ್ತುವ ಅಮ್ಮ. ಇಬ್ಬರ ಅಂಕವನ್ನೂ ತಂದು ಒಂದೇ ತಕ್ಕಡಿಗೆ ಹಾಕಿ, ಮುಳ್ಳು ನೋಡಿ ಮೇಷ್ಟ್ರಿಗೆ ಬೈಯುವುದು.

ನಿಮ್ಮ ಕಡೆ ಗುಳೆ ಹೋಗುವ ಮನೆಗಳಿವೆ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಮಾತಾಡಿ ಶಾಲೆಗೆ ಬಂದು ಕನ್ನಡದಲ್ಲಿ ವಿಜ್ಞಾನ ಬರೆಯುವ ಮಕ್ಕಳಿದ್ದಾರೆ. ಖಾಲಿ ಹುದ್ದೆಗಳಿವೆ, ಜೂನಿನಲ್ಲಿ ಶುರುವಾಗಬೇಕಾದ ಇಂಗ್ಲಿಷ್ ಪಾಠ ಅತಿಥಿ ಶಿಕ್ಷಕರು ಬಂದ ಮೇಲೆ ಶುರುವಾಗುತ್ತದೆ. ಸಂವಿಧಾನದಲ್ಲೇ 371 ಜೆ ಅಂತ ಒಂದು ವಿಧಿ ಸೇರಿಸಿ, ಈ ಭಾಗ ಹಿಂದುಳಿದಿದೆ, ವಿಶೇಷ ಗಮನ ಬೇಕು ಅಂತ ಒಪ್ಪಿಕೊಂಡಾಗಿದೆ. ಮೇ ತಿಂಗಳು ಬಂದಾಗ ಮಾತ್ರ ಅದು ಯಾರಿಗೂ ನೆನಪಾಗುವುದಿಲ್ಲ.

ಆದರೆ ಸರ್, ಬರೀ ಕಾರಣ ಹೇಳಿದರೆ ಮೀಟಿಂಗಿನಲ್ಲಿ ಯಾರೂ ಕೇಳುವುದಿಲ್ಲ. ಲೆಕ್ಕಕ್ಕೆ ಲೆಕ್ಕವೇ ಉತ್ತರ. ನೀವು ಪ್ರತಿ ಜೂನಿನಲ್ಲಿ ಸೇತುಬಂಧ, ಅಂದರೆ ಹಿಂದಿನ ತರಗತಿಯ ಪಾಠ ಮತ್ತೆ ಗಟ್ಟಿ ಮಾಡಿಸುವುದು, ಮಾಡುತ್ತೀರಿ, ಅದರ ಪೂರ್ವ ಪರೀಕ್ಷೆಯ ಅಂಕ ಬರೆದಿಡುತ್ತೀರಿ, ಅಲ್ವಾ? ಎಷ್ಟೋ ಕಡೆ ಅದು ಬರೀ ಫೈಲಿಗೆ ಅಂತ ಗೊತ್ತು, ನಾನೂ ಫೈಲಿಗೆ ಬರೆದಿದ್ದೇನೆ. ಈ ಸಲ ನಿಜವಾಗಿ ಮಾಡಿ. ಎಂಟನೇ ಕ್ಲಾಸಿನ ಒಂದೊಂದು ಮಗುವೂ ಬಂದಾಗ ಎಷ್ಟಿತ್ತು, ಹತ್ತು ಮುಗಿಸುವಾಗ ಎಷ್ಟಾಯ್ತು, ಒಂದೇ ಹಾಳೆಯಲ್ಲಿ ಎರಡು ಕಾಲಂ. ಕೂಡಿಸಿ ಬರೆಯಲು ತಡವರಿಸುತ್ತಾ ಬಂದ ಹುಡುಗ 260 ಅಂಕ ತೆಗೆದು ಹೋದರೆ ಅದು ನಿಮ್ಮ ಫಲಿತಾಂಶ. ಮುಂದಿನ ಸಲ ಎದ್ದು ನಿಲ್ಲಿ ಅಂದಾಗ ಆ ಹಾಳೆ ಹಿಡಿದು ನಿಲ್ಲಿ.

ನಾವು ಇಂಗ್ಲೆಂಡಿನ ಸ್ಲೌನಲ್ಲಿದ್ದೇವೆ, ಮಗಳಿಗೆ ಸೆಕೆಂಡರಿ ಶಾಲೆ ಹುಡುಕುತ್ತಿದ್ದೇವೆ. ಇಲ್ಲಿ 'ಪ್ರೋಗ್ರೆಸ್ 8' ಅಂತ ಒಂದು ಅಂಕಿ ಕೊಡುತ್ತಾರೆ. ಒಂದು ಶಾಲೆಗೆ ಮೈನಸ್ ಇದೆ, ಹೆದರಿಕೆ ಆಯ್ತು. ನಮ್ಮ ಕಡೆ ಇಂಥದ್ದು ಇದೆಯಾ ಅಕ್ಕಾ?
*ಹಾಸನದ ಕಡೆಯವಳು, ಈಗ ಸ್ಲೌ*

ಮೇಷ್ಟ್ರಿಗೆ ಮೇಲೆ ಹೇಳಿದ ಎರಡು ಕಾಲಮ್ಮಿನ ಹಾಳೆ ಇದೆಯಲ್ಲ, ಅದನ್ನೇ ಅಲ್ಲಿ ಸರಕಾರ 2016ರಿಂದ ತನ್ನ ಹಣದಲ್ಲಿ ನಡೆಯುವ ಸೆಕೆಂಡರಿ ಶಾಲೆಗಳಿಗೆ ಮಾಡುತ್ತಾ ಬಂದಿದೆ. ಮಗು 11ನೇ ವಯಸ್ಸಿಗೆ ಪ್ರೈಮರಿ ಮುಗಿಸುವಾಗ ಬರೆದ ಪರೀಕ್ಷೆ ಒಂದು ಕಾಲಂ, 16ಕ್ಕೆ ಬರೆಯುವ ಜಿಸಿಎಸ್ಇಯ ಎಂಟು ವಿಷಯ ಇನ್ನೊಂದು. ಅದೇ ಮಟ್ಟದಿಂದ ಹೊರಟ ದೇಶದ ಉಳಿದ ಮಕ್ಕಳ ಜೊತೆ ಹೋಲಿಸುತ್ತಾರೆ. ಸರಾಸರಿ ಸೊನ್ನೆ. ಪ್ಲಸ್ ಒಂದು ಅಂದರೆ ಪ್ರತಿ ವಿಷಯದಲ್ಲೂ ಸರಾಸರಿ ಒಂದು ಗ್ರೇಡು ಜಾಸ್ತಿ, ಮೈನಸ್ ಅಂದರೆ ಹಿಂದೆ ಬಿದ್ದಿದ್ದಾರೆ. ಸೊನ್ನೆಯ ಅಕ್ಕಪಕ್ಕದ ಸಣ್ಣ ಮೈನಸ್ಸಿಗೆ ಹೆದರಬೇಡಮ್ಮ, ಪೂರ್ತಿ ಅರ್ಧ ಗ್ರೇಡು ಹಿಂದಿದ್ದರೆ ಯೋಚನೆ ಮಾಡು.

ಎರಡು ವಿಷಯ ನೋಡಿಕೋ. ಒಂದು, ಕೋವಿಡ್‌ನಿಂದ 2020, 2021ರಲ್ಲಿ ಅಲ್ಲಿ ಆ 11ನೇ ವಯಸ್ಸಿನ ಪರೀಕ್ಷೆಯೇ ನಡೆಯಲಿಲ್ಲ. ಮೊದಲ ಕಾಲಂ ಖಾಲಿ. ಹಾಗಾಗಿ ಆ ಮಕ್ಕಳು 16ಕ್ಕೆ ಬಂದ 2024-25 ಮತ್ತು 2025-26ಕ್ಕೆ ಪ್ರೋಗ್ರೆಸ್ 8 ಲೆಕ್ಕವೇ ಇಲ್ಲ. ನೀನು ನೋಡಿದ್ದು ಹಳೇ ಅಂಕಿ ಇರಬೇಕು, ವರ್ಷ ಪರೀಕ್ಷಿಸು. ಎರಡು, ಸ್ಲೌನಲ್ಲಿ ಗ್ರಾಮರ್ ಸ್ಕೂಲುಗಳಿವೆ, ಪರೀಕ್ಷೆ ಮಾಡಿಯೇ ಮಕ್ಕಳನ್ನು ಒಳಗೆ ತೆಗೆದುಕೊಳ್ಳುವವರು. ಅವರ ಜಿಸಿಎಸ್ಇ ಅಂಕ ಆಕಾಶದಲ್ಲಿರುತ್ತದೆ, ಅದನ್ನು ಪಕ್ಕದ ಸಾಮಾನ್ಯ ಶಾಲೆಯ ಜೊತೆ ನೇರ ಹೋಲಿಸಬೇಡ. ನಮ್ಮ ಕಡೆ ನವೋದಯ, ಮೊರಾರ್ಜಿ ದೇಸಾಯಿ, ಆದರ್ಶ ವಿದ್ಯಾಲಯಗಳು ಆರನೇ ಕ್ಲಾಸಿಗೇ ಪ್ರವೇಶ ಪರೀಕ್ಷೆ ಇಡುವುದಿಲ್ಲವೇ, ಹಾಗೆ. ಅವರು ಚೆನ್ನಾಗಿಯೇ ಕಲಿಸುತ್ತಾರೆ, ಆದರೆ ಆರಿಸಿ ತಂದ ಕಾಳಿಗೂ ರಾಶಿಯಿಂದ ಹಾಗೇ ಬಾಚಿ ತಂದ ಕಾಳಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಊರ ಸರಕಾರಿ ಹೈಸ್ಕೂಲಿನವರು ಬಾಗಿಲಿಗೆ ಬಂದ ಯಾರನ್ನೂ ಬೇಡ ಅನ್ನುವ ಹಾಗಿಲ್ಲ.

ನಮ್ಮಲ್ಲಿ ಇಂಥ ಲೆಕ್ಕ ಇಲ್ಲ. ಇರಬೇಕಿತ್ತು ಅನ್ನುವವಳು ನಾನು. ಆದರೆ ಅದು ಬಂದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಪರೀಕ್ಷೆಗೆ ಮುಂಚೆ ಹಿಂದೆ ಬಿದ್ದ ಮಕ್ಕಳನ್ನು ಮೆಲ್ಲಗೆ ಸಾಗಹಾಕುವುದಕ್ಕೆ ಅಲ್ಲಿ 'ಆಫ್ ರೋಲಿಂಗ್' ಅಂತ ಹೆಸರೇ ಇದೆ, ಶಾಲಾ ತಪಾಸಣೆ ಮಾಡುವ ಆಫ್‌ಸ್ಟೆಡ್‌ನವರು ಅದನ್ನು ಹುಡುಕಿ ಹಿಡಿಯಲು ನೋಡುತ್ತಾರೆ. ಮಂಡ್ಯದ ಆಟೋ ಅಣ್ಣನಿಗೆ ಹೇಳಿದರೆ ನಗಬಹುದು.

2023ರಲ್ಲಿ ರಾಜ್ಯದ ಫಲಿತಾಂಶ 83 ಇತ್ತು, 2025ರಲ್ಲಿ 62. ಎರಡೇ ವರ್ಷದಲ್ಲಿ ಮಕ್ಕಳು ಇಷ್ಟು ದಡ್ಡರಾದರಾ?
*ಓದುಗರು, ಶಿವಮೊಗ್ಗ*

ಇಲ್ಲ, ಕಾವಲು ಬದಲಾಯ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು, ಕ್ಯಾಮೆರಾ ಮುಂದೆ ಕೂತು ಬರೆಯುವುದು. 2023ರಲ್ಲಿ 83.89 ಇದ್ದದ್ದು ಧಡಕ್ಕನೆ ಬಿತ್ತು. ಎಷ್ಟು ಬಿತ್ತು ಅಂದರೆ ಆ ಒಂದು ವರ್ಷಕ್ಕೆ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಎತ್ತಿ ಹಿಡಿದು 73.40ಕ್ಕೆ ತಂದು ನಿಲ್ಲಿಸಿದರು. 2025ರಲ್ಲಿ ಆ ಊರುಗೋಲು ಇಲ್ಲ, 62.34. ಇನ್ನೂ ಹಿಂದೆ ಹೋದರೆ 2021ರಲ್ಲಿ 99.99 ಇದೆ. ಕೋವಿಡ್ ವರ್ಷ, ಆರು ವಿಷಯವನ್ನು ಎರಡೇ ದಿನದಲ್ಲಿ, ಬರೀ ಸರಿ ಉತ್ತರ ಗುರುತಿಸುವ ಪ್ರಶ್ನೆಗಳಲ್ಲಿ ಮುಗಿಸಿದ್ದರು. ಅದೇ ಮಕ್ಕಳು, ಅದೇ ಮೇಷ್ಟ್ರುಗಳು.

ಇದರಲ್ಲಿ ತಮಾಷೆ ಅಂದರೆ ಜಿಲ್ಲೆಗಳ ಸರದಿ. 2023ರಲ್ಲಿ ಚಿತ್ರದುರ್ಗ ಮೊದಲು, ಆಮೇಲೆ ಮಂಡ್ಯ, ಹಾಸನ. ಉಡುಪಿ, ದಕ್ಷಿಣ ಕನ್ನಡ ಮೊದಲ ಹತ್ತರಲ್ಲೂ ಇರಲಿಲ್ಲ. ಮರುವರ್ಷ ಕ್ಯಾಮೆರಾ ಬಂದದ್ದೇ ಉಡುಪಿ, ದಕ್ಷಿಣ ಕನ್ನಡ ಮೊದಲ ಎರಡು ಸ್ಥಾನಕ್ಕೆ ಬಂದವು, ಚಿತ್ರದುರ್ಗ ಪಟ್ಟಿಯಲ್ಲಿ ತುಂಬಾ ಕೆಳಗಿಳಿಯಿತು. ಇದರ ಮೇಲೆ ನಾನೇನೂ ಹೇಳಲ್ಲ, ನೀವೇ ಅರ್ಥ ಮಾಡಿಕೊಳ್ಳಿ.

ಇಂಜಿನಿಯರಿಂಗ್ ಕಾಲೇಜಿಗೆ ಎನ್‌ಐಆರ್‌ಎಫ್ ರ‍್ಯಾಂಕ್ ಇದ್ದ ಹಾಗೆ ಹೈಸ್ಕೂಲಿಗೂ ಸರಕಾರದ ರ‍್ಯಾಂಕ್ ಇದೆಯಾ? ಇಂಟರ್ನೆಟ್ಟಿನಲ್ಲಿ 'ಟಾಪ್ ಟೆನ್ ಸ್ಕೂಲ್' ಅಂತ ಬರುವುದನ್ನು ನಂಬಬಹುದಾ?
*ಹುಬ್ಬಳ್ಳಿ*

ಇಲ್ಲ. ಎನ್‌ಐಆರ್‌ಎಫ್ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಮಾತ್ರ. ಶಾಲೆ ಮಕ್ಕಳಿಗೆ ಕೇಂದ್ರದ್ದು ಒಂದು ಸಮೀಕ್ಷೆ ಇದೆ, 2021ರಲ್ಲಿ 3, 5, 8, 10ನೇ ತರಗತಿಗೆ ಮಾಡಿದರು, 2024ರ ಡಿಸೆಂಬರಿನಲ್ಲಿ ಪರಖ್ ಹೆಸರಿನಲ್ಲಿ 3, 6, 9ಕ್ಕೆ ಮಾಡಿದರು. ಅದು ಅಲ್ಲೊಂದು ಇಲ್ಲೊಂದು ಶಾಲೆ ಆರಿಸಿ ಜಿಲ್ಲೆಯ ಅಂದಾಜು ತೆಗೆಯುವುದು, ನಿಮ್ಮ ಬೀದಿಯ ಶಾಲೆಗೆ ರ‍್ಯಾಂಕ್ ಕೊಡುವುದಿಲ್ಲ.

ಟಾಪ್ ಟೆನ್ ಪಟ್ಟಿಗಳಲ್ಲಿ ಎಷ್ಟೋ ಜನರ ಅಭಿಪ್ರಾಯ ಕೇಳಿ ಮಾಡಿದವು. ಈಜುಕೊಳ, ಎಸಿ ಬಸ್ಸಿಗೂ ಅಂಕ ಬಿದ್ದಿರುತ್ತದೆ. ಪಟ್ಟಿಯ ಕೆಳಗೆ ಅದೇ ಶಾಲೆಯ ಜಾಹೀರಾತು ಇದೆಯಾ ಅಂತ ಮೊದಲು ನೋಡಿ. ಅದಕ್ಕಿಂತ ದೇಶದ ಶಾಲೆಗಳ ಮಾಹಿತಿ ಇರುವ ಸರಕಾರದ ಯುಡೈಸ್ ಪ್ಲಸ್ ವೆಬ್‌ಸೈಟಿಗೆ ಹೋಗಿ. ಪ್ರತಿ ಶಾಲೆಗೂ 11 ಅಂಕಿಯ ಕೋಡ್ ಇದೆ, ಕರ್ನಾಟಕದ್ದು 29ರಿಂದ ಶುರು. ಎಷ್ಟು ಶಿಕ್ಷಕರು, ಯಾವ ತರಗತಿಯಲ್ಲಿ ಎಷ್ಟು ಮಕ್ಕಳು ಅನ್ನುವುದು ಅಲ್ಲಿ ಸಿಗುತ್ತದೆ. ಅಂಕ ಸಿಗುವುದಿಲ್ಲ. ಆದರೆ ಎಂಟರಲ್ಲಿ ಎಷ್ಟು, ಹತ್ತರಲ್ಲಿ ಎಷ್ಟು ಅಂತ ಅಂದಾಜು ಮಾಡಬಹುದು, ದಾವಣಗೆರೆ ತಾಯಿಯೂ ಕೇಳಿಸಿಕೊಳ್ಳಿ. ಸರಕಾರಿ, ಅನುದಾನಿತ ಶಾಲೆಯಾದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ಅರ್ಜಿ 150 ಪದದ ಒಳಗಿರಲಿ, ಒಂದೇ ವಿಷಯ ಕೇಳಿ.

ಅಣ್ಣನ ಮಗ ಸಿಬಿಎಸ್ಇಯಲ್ಲಿ 92, ನನ್ನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ 89. ಮನೆಯಲ್ಲಿ ದಿನಾ ಇದೇ ಮಾತು.
*ಮೈಸೂರು*

ಸೇರಿನಲ್ಲಿ ಅಳೆದ ಅಕ್ಕಿಯನ್ನೂ ಮಾರಿನಲ್ಲಿ ಅಳೆದ ಹೂವನ್ನೂ ಹೋಲಿಸುತ್ತಿದ್ದೀರಿ. ನಿಮ್ಮ ಮಗಳದ್ದು ಆರು ವಿಷಯ, ಆರೂ ಲೆಕ್ಕಕ್ಕೆ. ಅವನದ್ದು ಐದರ ಮೇಲೆ. ಐಸಿಎಸ್ಇಯವರು ಇಂಗ್ಲಿಷ್ ಇಟ್ಟುಕೊಂಡು ಉಳಿದದ್ದರಲ್ಲಿ ಚೆನ್ನಾಗಿ ಬಂದ ನಾಲ್ಕನ್ನು ಹಿಡಿಯುತ್ತಾರೆ. 2025ರಲ್ಲಿ ಸಿಬಿಎಸ್ಇ ಹತ್ತನೇ ಕ್ಲಾಸಿನಲ್ಲಿ ದೇಶಕ್ಕೆ 93.66 ಪಾಸು, ನಮ್ಮಲ್ಲಿ 62.34. ಇದು ಯಾವ ಮಕ್ಕಳು ಬುದ್ಧಿವಂತರು ಅಂತ ಹೇಳುವುದಿಲ್ಲ, ಯಾವ ಮನೆಯ ಮಕ್ಕಳು ಎಲ್ಲಿ ಓದುತ್ತಾರೆ ಅಂತ ಹೇಳುತ್ತದೆ. ಸಿಬಿಎಸ್ಇಯವರು ಮೆರಿಟ್ ಪಟ್ಟಿ ಹಾಕುವುದನ್ನೇ ನಿಲ್ಲಿಸಿದ್ದಾರೆ. ನಿಮ್ಮ ಮನೆಯಲ್ಲಿ ಯಾಕೆ ಇನ್ನೂ ಹಾಕುತ್ತೀರಿ?

ಮಿಸ್, ನಾನು ಹತ್ತನೇ ಕ್ಲಾಸು. ನಮ್ಮ ಶಾಲೇಲಿ ಮಾರ್ಕ್ಸ್ ನೋಡಿ ಎ, ಬಿ, ಸಿ ಸೆಕ್ಷನ್ ಮಾಡಿದ್ದಾರೆ, ನಾನು ಸಿ. 'ನಮ್ಮ ರಿಸಲ್ಟ್ ಹಾಳು ಮಾಡೋರು ನೀವೇ' ಅಂತ ದಿನಾ ಹೇಳ್ತಾರೆ. ಬೇರೆ ವಿಷಯ ಪರವಾಗಿಲ್ಲ, ಗಣಿತ ಮಾತ್ರ ಬರಲ್ಲ. ಪಾಸಾಗೋಕೆ ಏನು ಓದಲಿ?
*ಹೆಸರು, ಊರು ಬೇಡ*

ರಿಸಲ್ಟು ಅವರದ್ದಲ್ಲ ಮರಿ, ನಿನ್ನದು. ಅಂಕಪಟ್ಟಿಯ ಮೇಲೆ ಇರುವುದು ನಿನ್ನ ಹೆಸರು.

ಈಗ ಗಣಿತಕ್ಕೆ ಬಾ. ನೂರರಲ್ಲಿ 20 ಆಂತರಿಕ, ಅದು ನಿನ್ನ ಶಾಲೆಯಲ್ಲೇ ಕೊಡುವುದು. ಪ್ರಾಜೆಕ್ಟ್, ಚಟುವಟಿಕೆ ಎಲ್ಲ ಕೊಟ್ಟಿದ್ದೀಯಾ ನೋಡಿಕೋ. ಉಳಿದ 80ರಲ್ಲಿ ನಿನಗೆ ಬೇಕಾದದ್ದು ಎಲ್ಲಾ ಪಾಠ ಅಲ್ಲ. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣವನ್ನು ಗ್ರಾಫಿನಲ್ಲಿ ಬಿಡಿಸುವುದು, ಸಂಖ್ಯಾಶಾಸ್ತ್ರದ ಸರಾಸರಿ ಮತ್ತು ಮಧ್ಯಾಂಕ, ಥೇಲ್ಸ್ ಪ್ರಮೇಯ ಸಾಧಿಸುವುದು, ಸಮಾಂತರ ಶ್ರೇಢಿಯ ಎರಡು ಸೂತ್ರ. ಇವಿಷ್ಟನ್ನು ಮೊದಲು ಗಟ್ಟಿ ಮಾಡು, ಆಮೇಲೆ ಉಳಿದದ್ದು. ಪ್ರಮೇಯವನ್ನು ಬಾಯಿಪಾಠ ಮಾಡಬೇಡ, ಚಿತ್ರ ಬಿಡಿಸಿ ಎದುರಿಗಿಟ್ಟುಕೊಂಡು ಹತ್ತು ಸಲ ಬರೆ. ಏಳನೇ ಸಲಕ್ಕೆ ಕೈ ತಾನಾಗಿ ಹೋಗುತ್ತದೆ.

ಗ್ರಾಫ್ ಹಾಳೆಯ ಒಂದು ಕಟ್ಟು ತಗೋ, ದಿನಕ್ಕೊಂದು ಲೆಕ್ಕ. x ಬೆಲೆ ಹಾಕಿ y ತೆಗೆಯುವಾಗ ಋಣ ಚಿಹ್ನೆಯಲ್ಲಿ ತಪ್ಪಾಗುತ್ತದೆ, ಎಲ್ಲರಿಗೂ ಅಲ್ಲೇ ಆಗುವುದು. ಎರಡು ಗೆರೆ ಒಂದು ಕಡೆ ಕೂಡದಿದ್ದರೆ ಆ ಹಾಳೆ ಹರಿಯಬೇಡ. ಹಾಗೇ ಮಡಿಸಿ ನನಗೆ ಕಳಿಸು, ಎಲ್ಲಿ ತಪ್ಪಿದೆ ಅಂತ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ವಾಪಸ್ ಕಳಿಸುತ್ತೇನೆ. ಲಕೋಟೆಯ ಮೇಲೆ ಮಾತ್ರ ಹೆಸರು, ಊರು ಬೇಕು.